ವಾಲ್ಸಾರ್ಟಾನ್ ಪಾತ್ರೆಯಲ್ಲಿ ಹುಟ್ಟಿದ ನೈಟ್ರೋಸಮೀನು: ನೀರಿನ ಲೆಕ್ಕ ಹೇಳದೆ ಬಿಟ್ಟದ್ದು

2018ರ ಜೂನ್ 6ರಂದು ಝೆಜಿಯಾಂಗ್ ಹುವಾಹಾಯ್ ಫಾರ್ಮಾಸ್ಯೂಟಿಕಲ್ ಎಂಬ ಚೀನೀ ಕಂಪನಿಗೆ ಗಿರಾಕಿಯೊಬ್ಬರ ದೂರು ತಲುಪಿತು. ಲಿನ್‌ಹಾಯ್ ನಗರದ ಘಟಕದಲ್ಲಿ ಆ ಕಂಪನಿ ತಯಾರಿಸುತ್ತಿದ್ದ ವಾಲ್ಸಾರ್ಟಾನ್‌ನಲ್ಲಿ, ಉಳಿಕೆ ದ್ರಾವಕಗಳ ಪರೀಕ್ಷೆಯ ವೇಳೆ, ಪಟ್ಟಿಯಲ್ಲಿಲ್ಲದ ಒಂದು ಪೀಕ್ (ಪರೀಕ್ಷೆಯ ನಕ್ಷೆಯಲ್ಲಿ ಒಂದು ವಸ್ತುವಿನ ಇರವನ್ನು ತೋರಿಸುವ ಏರು) ಕಾಣಿಸಿಕೊಂಡಿತ್ತು. ಗುರುತು ಹಿಡಿದಾಗ ಅದು ಎನ್-ನೈಟ್ರೋಸೋಡೈಮೀಥೈಲಮೀನ್, ಚಿಕ್ಕದಾಗಿ ಎನ್‌ಡಿಎಂಎ, ನೈಟ್ರೋಸಮೀನು ಎಂಬ ಗುಂಪಿನ ಒಂದು ಸಂಯುಕ್ತ. ಇದು ಇಲಿಗಳ ಯಕೃತ್ತಿನಲ್ಲಿ ಗೆಡ್ಡೆ ಹುಟ್ಟಿಸುತ್ತದೆಂದು ಮ್ಯಾಗೀ ಮತ್ತು ಬಾರ್ನ್ಸ್ 1956ರಲ್ಲೇ ತೋರಿಸಿದ್ದರು. ಜುಲೈ 5ಕ್ಕೆ ಯುರೋಪಿನ ಔಷಧ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಜುಲೈ 13ಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರೆಗಳ ವಾಪಸಾತಿಯನ್ನು ಪ್ರಕಟಿಸಿತು.

ವಾಲ್ಸಾರ್ಟಾನ್ ರಕ್ತದೊತ್ತಡದ ಔಷಧ. ವರ್ಷಗಟ್ಟಲೆ ದಿನಾ ನುಂಗುವಂಥದ್ದು. ಹುವಾಹಾಯ್‌ಗೆ ಸೇರಿದ ಅಮೆರಿಕದ ಕಂಪನಿಯ 320 ಮಿ.ಗ್ರಾಂ ಮಾತ್ರೆಗಳಲ್ಲಿ ಎಫ್‌ಡಿಎ ಅಳೆದ ಎನ್‌ಡಿಎಂಎ ಅತಿ ಹೆಚ್ಚೆಂದರೆ ಸುಮಾರು 20 ಮೈಕ್ರೋಗ್ರಾಂ. ದಿನಕ್ಕೆ ಸಹಿಸಬಹುದೆಂದು ಅದೇ ಸಂಸ್ಥೆ ಇಟ್ಟ ಮಿತಿ 96 ನ್ಯಾನೋಗ್ರಾಂ. ಅಂದರೆ ಮಿತಿಯ ಇನ್ನೂರು ಪಟ್ಟು. ಎಂಟು ಸಾವಿರ ಜನ ಈ ಬ್ಯಾಚುಗಳ ಅತಿ ದೊಡ್ಡ ಡೋಸನ್ನು ನಾಲ್ಕು ವರ್ಷ ಸತತವಾಗಿ ತೆಗೆದುಕೊಂಡಿದ್ದರೆ ಒಂದು ಹೆಚ್ಚುವರಿ ಕ್ಯಾನ್ಸರ್ ಪ್ರಕರಣ ಆಗಬಹುದು ಎಂಬುದು ಎಫ್‌ಡಿಎ ಅಂದಾಜು.

ಈ ಕಥೆಯನ್ನು ನಿಯಂತ್ರಣದ ವೈಫಲ್ಯವಾಗಿ ಹಲವರು ಬರೆದಿದ್ದಾರೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ರಸಾಯನ ಕ್ರಿಯೆಯ ವೇಗದ ಪ್ರಶ್ನೆ. ಅಮೀನು ಮತ್ತು ನೈಟ್ರೈಟು ಸೇರಿದರೆ ನೈಟ್ರೋಸಮೀನು ಆಗುತ್ತದೆ ಎಂಬುದು ಬಿ.ಎಸ್ಸಿ. ವಿದ್ಯಾರ್ಥಿಗೂ ಗೊತ್ತು. ಎಷ್ಟು ಆಗುತ್ತದೆ ಎಂಬುದನ್ನು ಮಾತ್ರ ನಾವು ನೀರಿನಲ್ಲಿ ಕಲಿತ ಲೆಕ್ಕದಿಂದ ಊಹಿಸುತ್ತೇವೆ. ಕಾರ್ಖಾನೆಯ ಪಾತ್ರೆಯಲ್ಲಿ ನೀರಿನ ಜೊತೆಗೆ ಇನ್ನೊಂದು ಪದರವೂ ಇರುತ್ತದೆ. ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಪಾತ್ರೆಯೊಳಗೆ ಇದ್ದದ್ದು

ವಾಲ್ಸಾರ್ಟಾನ್ ಅಣುವಿನ ಒಂದು ತುದಿಯಲ್ಲಿ ಟೆಟ್ರಜೋಲ್ ಉಂಗುರವಿದೆ: ನಾಲ್ಕು ನೈಟ್ರೋಜನ್, ಒಂದು ಕಾರ್ಬನ್. ನೈಟ್ರೈಲ್ ಗುಂಪಿಗೆ ಅಜೈಡನ್ನು (ಮೂರು ನೈಟ್ರೋಜನ್‌ಗಳ ಅಯಾನು) ಸೇರಿಸಿ ಇದನ್ನು ಕಟ್ಟುತ್ತಾರೆ. ಲೋಸಾರ್ಟಾನ್, ಇರ್ಬೆಸಾರ್ಟಾನ್, ಕ್ಯಾಂಡೆಸಾರ್ಟಾನ್‌ಗಳಲ್ಲೂ ಇದೇ ಉಂಗುರ. ಸೋಡಿಯಂ ಅಜೈಡು, ಜೊತೆಗೆ ಸತುವಿನ ಕ್ಲೋರೈಡಿನಂಥ ಲೋಹದ ಲವಣ, ಮತ್ತು ಇವೆಲ್ಲವನ್ನೂ ಕರಗಿಸಿಕೊಂಡು ಬಿಸಿ ತಡೆಯುವ ಒಂದು ದ್ರಾವಕ ಬೇಕು. 2011ರ ನವೆಂಬರಿನಲ್ಲಿ ಹುವಾಹಾಯ್ ತನ್ನ ವಿಧಾನವನ್ನು ಬದಲಿಸಿತು. ಇಳುವರಿ ಹೆಚ್ಚಬೇಕು, ಖರ್ಚು ಇಳಿಯಬೇಕು ಎಂಬುದು ಉದ್ದೇಶ. ಹೊಸ ವಿಧಾನದ ದ್ರಾವಕ ಡೈಮೀಥೈಲ್‌ಫಾರ್ಮಮೈಡ್, ಎಲ್ಲರೂ ಕರೆಯುವಂತೆ ಡಿಎಂಎಫ್.

ಡಿಎಂಎಫ್ ಒಳ್ಳೆಯ ದ್ರಾವಕ, ಆದರೆ ತಟಸ್ಥ ದ್ರಾವಕವಲ್ಲ. ಬಿಸಿಯಲ್ಲಿ, ಆಮ್ಲ ಅಥವಾ ಕ್ಷಾರದ ಸಹವಾಸದಲ್ಲಿ, ಅದು ನಿಧಾನವಾಗಿ ಒಡೆದು ಡೈಮೀಥೈಲಮೀನ್ ಎಂಬ ಅಮೀನನ್ನು ಬಿಡುತ್ತದೆ. ಹೊಸ ಡ್ರಮ್ಮಿನಲ್ಲೂ ಅದರ ಸುಳಿವು ಇರುತ್ತದೆ. ಬಾಟಲಿಯ ಮುಚ್ಚಳ ತೆಗೆದಾಗ ಬರುವ ಮೀನಿನ ವಾಸನೆ ಅದರದ್ದೇ.

ಕ್ರಿಯೆ ಮುಗಿದ ಮೇಲೆ ಉಳಿದ ಅಜೈಡನ್ನು ನಾಶಮಾಡಬೇಕು. ಆಮ್ಲ ಬಿದ್ದರೆ ಅದು ಹೈಡ್ರಜೋಯಿಕ್ ಆಮ್ಲವಾಗುತ್ತದೆ. ಕುದಿಬಿಂದು 37 ಡಿಗ್ರಿಯ ಆಸುಪಾಸು, ವಿಷ, ಸ್ಫೋಟಕ. ಅದನ್ನು ಮುಗಿಸಲು ರೂಢಿಯ ಉಪಾಯ ಸೋಡಿಯಂ ನೈಟ್ರೈಟು ಮತ್ತು ಆಮ್ಲ. ಹುಟ್ಟುವ ನೈಟ್ರಸ್ ಆಮ್ಲ ಹೈಡ್ರಜೋಯಿಕ್ ಆಮ್ಲದೊಡನೆ ಸೇರಿ ನೈಟ್ರೋಜನ್, ನೈಟ್ರಸ್ ಆಕ್ಸೈಡ್ ಮತ್ತು ನೀರಾಗುತ್ತದೆ. ಕೆಲಸಗಾರರ ಜೀವ ಉಳಿಸುವ ಹಂತ ಇದು. ಇದನ್ನು ಯಾರೂ ಹಗುರವಾಗಿ ನೋಡಬಾರದು. ಹುವಾಹಾಯ್ ವಿಧಾನದಲ್ಲಿ ಈ ಕ್ವೆಂಚ್, ಅಂದರೆ ಉಳಿದ ಅಜೈಡನ್ನು ಮುಗಿಸುವ ಹಂತ, ನಡೆದದ್ದು ಉತ್ಪನ್ನ ಪಾತ್ರೆಯಲ್ಲಿ ಇರುವಾಗಲೇ. ವಾಲ್ಸಾರ್ಟಾನ್, ಡಿಎಂಎಫ್, ಅದರಿಂದ ಬಿಡುಗಡೆಯಾದ ಡೈಮೀಥೈಲಮೀನ್ ಎಲ್ಲವೂ ಒಂದೇ ಕಡೆ ಇದ್ದವು.

ಇಲ್ಲಿ ಒಂದು ಅನುಕ್ರಮವನ್ನು ಗಮನಿಸಬೇಕು. ಅಜೈಡು ನೈಟ್ರಸ್ ಆಮ್ಲವನ್ನು ಬಹಳ ಚುರುಕಾಗಿ ಕಬಳಿಸುತ್ತದೆ. ಅದು ಇರುವವರೆಗೆ ಅಮೀನಿನ ಪಾಲಿಗೆ ನೈಟ್ರೋಸೋ ಗುಂಪು (ಅಮೀನನ್ನು ನೈಟ್ರೋಸಮೀನಾಗಿಸುವ ನೈಟ್ರೋಜನ್-ಆಮ್ಲಜನಕ ಜೋಡಿ) ಹೆಚ್ಚು ಸಿಗುವುದಿಲ್ಲ. ಒಂದು ರೀತಿಯಲ್ಲಿ ಅಜೈಡೇ ಅಮೀನಿಗೆ ಕಾವಲು. ಆದರೆ ಅಜೈಡು ಪೂರ್ತಿ ಹೋಗಿದೆ ಎಂದು ಖಾತ್ರಿಪಡಿಸಿಕೊಳ್ಳಬೇಕಾದರೆ ನೈಟ್ರೈಟನ್ನು ಅಗತ್ಯಕ್ಕಿಂತ ಹೆಚ್ಚೇ ಹಾಕಬೇಕು. ಕಾವಲು ಮುಗಿದ ಕ್ಷಣದಿಂದ ಆ ಹೆಚ್ಚುವರಿ ನೈಟ್ರೈಟು ಅಮೀನಿನ ಕಡೆಗೆ ತಿರುಗುತ್ತದೆ. ನೈಟ್ರೋಸಮೀನಿನ ಬಹುಪಾಲು ಹುಟ್ಟುವುದು ಕ್ವೆಂಚಿನ ಕೊನೆಯಲ್ಲಿ, ಆಪರೇಟರು ಸುರಕ್ಷಿತ ಎಂದು ಗುರುತು ಹಾಕಿಕೊಳ್ಳುವ ಹೊತ್ತಿನಲ್ಲಿ.

ನೀರಿನ ಲೆಕ್ಕ

ನೀರಿನಲ್ಲಿ ಈ ಕ್ರಿಯೆಯ ಗತಿಯನ್ನು 1950ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹ್ಯೂಸ್, ಇಂಗೋಲ್ಡ್ ಮತ್ತು ರಿಡ್ ಬಿಡಿಸಿಟ್ಟರು. ಅಮೀನಿನ ಮೇಲೆ ನೇರವಾಗಿ ಎರಗುವುದು ನೈಟ್ರಸ್ ಆಮ್ಲವಲ್ಲ. ಅದರ ಎರಡು ಅಣುಗಳು ಕೂಡಿ ಒಂದು ನೀರಿನ ಅಣುವನ್ನು ಕಳೆದುಕೊಂಡಾಗ ಬರುವ ಡೈನೈಟ್ರೋಜನ್ ಟ್ರೈಆಕ್ಸೈಡ್ ಎರಗುತ್ತದೆ. ಆದ್ದರಿಂದ ವೇಗ ಅಮೀನಿನ ಸಾಂದ್ರತೆಗೆ ನೇರ ಅನುಪಾತ, ನೈಟ್ರಸ್ ಆಮ್ಲದ ಸಾಂದ್ರತೆಯ ವರ್ಗಕ್ಕೆ ಅನುಪಾತ. ನೈಟ್ರೈಟನ್ನು ಅರ್ಧ ಮಾಡಿದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ.

ಕ್ರಿಯೆಗೆ ಎರಡು ಬೀಗಗಳಿವೆ. ಮೊದಲನೆಯದು ಪ್ರೋಟಾನು. ಡೈಮೀಥೈಲಮೀನಿನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಪ್ರೋಟಾನು ಹಿಡಿದಿರುವ ಪಿಎಚ್, 10.7. ಪಿಎಚ್ 3.4 ಇದ್ದಾಗ ಎರಡು ಕೋಟಿ ಅಮೀನು ಅಣುಗಳಲ್ಲಿ ಒಂದಕ್ಕೆ ಮಾತ್ರ ಪ್ರೋಟಾನಿನ ಹಂಗಿಲ್ಲ. ಉಳಿದವು ಅಮೋನಿಯಂ ಅಯಾನುಗಳು, ಅವುಗಳ ನೈಟ್ರೋಜನ್ ಮೇಲೆ ಕೊಡಲು ಎಲೆಕ್ಟ್ರಾನ್ ಜೋಡಿಯೇ ಇಲ್ಲ. ಎರಡನೆಯದು ನೀರು. ಟ್ರೈಆಕ್ಸೈಡು ನೀರಿನೊಡನೆ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಕೂಡಿಕೊಂಡು ಮತ್ತೆ ನೈಟ್ರಸ್ ಆಮ್ಲವಾಗುತ್ತದೆ. 0.1 ಮೋಲಾರ್ ನೈಟ್ರಸ್ ಆಮ್ಲದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಟ್ರೈಆಕ್ಸೈಡು ಒಂದು ಲಕ್ಷದಲ್ಲಿ ಮೂರು ಮೋಲಾರ್‌ನಷ್ಟು. ಪಿಎಚ್ ಏರಿದರೆ ನೈಟ್ರಸ್ ಆಮ್ಲ ನೈಟ್ರೈಟು ಅಯಾನಾಗುತ್ತದೆ, ಇಳಿದರೆ ಅಮೀನು ಪ್ರೋಟಾನಿಗೆ ಸಿಕ್ಕಿಬೀಳುತ್ತದೆ. ಈ ಎರಡರ ನಡುವೆ ವೇಗ ಗರಿಷ್ಠವಾಗುವ ಪಿಎಚ್ ಸುಮಾರು 3.4 ಎಂದು ಮಿರ್ವಿಷ್ 1970ರಲ್ಲಿ ಡೈಮೀಥೈಲಮೀನಿಗೆ ಅಳೆದು ತೋರಿಸಿದರು.

ಈಗ ಒಂದು ಕಲ್ಪಿತ ಪಾತ್ರೆಗೆ ಲೆಕ್ಕ ಹಾಕೋಣ. 25 ಡಿಗ್ರಿ, ಪಿಎಚ್ 3.4, ನೈಟ್ರೈಟು 0.1 ಮೋಲಾರ್, ಡೈಮೀಥೈಲಮೀನ್ 0.001 ಮೋಲಾರ್. ಈ ಪಿಎಚ್‌ನಲ್ಲಿ ಒಟ್ಟು ವೇಗ ಸ್ಥಿರಾಂಕ ಸುಮಾರು 0.0017, ಮೋಲಾರ್ ಮತ್ತು ಸೆಕೆಂಡು ಮಾನದಲ್ಲಿ. ಗುಣಿಸಿದರೆ ಗಂಟೆಗೆ ಅಮೀನಿನ ಶೇಕಡಾ ಆರರಷ್ಟು ನೈಟ್ರೋಸಮೀನಾಗುತ್ತದೆ. ಲೀಟರಿಗೆ ನಾಲ್ಕೂವರೆ ಮಿ.ಗ್ರಾಂ. ಸಂಶ್ಲೇಷಣೆಯ ದೃಷ್ಟಿಯಿಂದ ನೋಡುವ ರಸಾಯನಜ್ಞರಿಗೆ ಇದು ಏನೂ ಅಲ್ಲ. ಆದರೆ ಅದೇ ಲೀಟರಿನಲ್ಲಿ 100 ಗ್ರಾಂ ಔಷಧವಿದ್ದರೆ, ಔಷಧದ ತೂಕಕ್ಕೆ ಹೋಲಿಸಿದಾಗ ಅದು 45 ಪಿಪಿಎಂ (ಹತ್ತು ಲಕ್ಷದಲ್ಲಿ 45 ಭಾಗ). ದಿನಕ್ಕೆ 320 ಮಿ.ಗ್ರಾಂ ಡೋಸಿಗೆ 96 ನ್ಯಾನೋಗ್ರಾಂ ಮಿತಿ ಎಂದರೆ 0.3 ಪಿಪಿಎಂ. ಆ ಗೆರೆಯನ್ನು ಈ ಪಾತ್ರೆ ಅರ್ಧ ನಿಮಿಷದೊಳಗೆ ದಾಟುತ್ತದೆ. ತೊಳೆಯುವಿಕೆ, ಹರಳುಗಟ್ಟಿಸುವಿಕೆಗಳಲ್ಲಿ ಒಂದಷ್ಟು ಹೋಗುತ್ತದೆ ನಿಜ. ಪಿಎಚ್ ಅನ್ನು 1ಕ್ಕೆ ಇಳಿಸಿದರೆ ವೇಗ ಮೂವತ್ತು ಪಟ್ಟು ಕಡಿಮೆಯಾಗುತ್ತದೆ. ಆಗಲೂ ಕಾಲು ಗಂಟೆ ಸಾಕು.

ಪಠ್ಯಪುಸ್ತಕದ ಅತಿ ನಿಧಾನದ ದಾರಿಯಲ್ಲೇ ಹೀಗೆ. ಮಾತ್ರೆಯಲ್ಲಿ ಸಿಕ್ಕ 20 ಮೈಕ್ರೋಗ್ರಾಂ ಅನ್ನು ಅಣುಗಳಲ್ಲಿ ಹೇಳುವುದಾದರೆ, ಸುಮಾರು 2,700 ವಾಲ್ಸಾರ್ಟಾನ್ ಅಣುಗಳಿಗೆ ಒಂದು ಎನ್‌ಡಿಎಂಎ ಅಣು. ಇಳುವರಿಯನ್ನು ಒಂದೆರಡು ಶೇಕಡಾ ಹೆಚ್ಚಿಸಲು ಹೊರಟವರ ಕಣ್ಣಿಗೆ ಶೇಕಡಾ 0.04ರ ಪಕ್ಕದ ಕ್ರಿಯೆ ಬೀಳುವುದೇ ಇಲ್ಲ. ಮಿತಿಯಾದರೋ ಐದೂವರೆ ಲಕ್ಷ ಅಣುಗಳಿಗೆ ಒಂದಕ್ಕಿಂತಲೂ ಕಡಿಮೆ.

ನೀರಿಲ್ಲದ ಪದರದಲ್ಲಿ

ಇಂಥ ವರ್ಕ್‌ಅಪ್‌ನಲ್ಲಿ, ಅಂದರೆ ಕ್ರಿಯೆಯ ನಂತರ ಉತ್ಪನ್ನವನ್ನು ಬೇರ್ಪಡಿಸುವ ಹಂತದಲ್ಲಿ, ಸಾಮಾನ್ಯವಾಗಿ ಎರಡು ಪದರಗಳಿರುತ್ತವೆ. ಕೆಳಗೋ ಮೇಲೋ ನೀರು, ಇನ್ನೊಂದು ಕಡೆ ಟಾಲ್ವೀನ್, ಝೈಲೀನ್, ಈಥರ್, ಎಸ್ಟರ್ ಇಂಥದ್ದೊಂದು ಸಾವಯವ ದ್ರಾವಕ. ನೈಟ್ರೈಟು, ಆಮ್ಲ ಎರಡೂ ನೀರಿನಲ್ಲಿವೆ, ಕ್ರಿಯೆಯೂ ಅಲ್ಲೇ ನಡೆಯುತ್ತದೆ ಎಂಬ ಭಾವನೆ ಸಹಜ. ಆದರೆ ನೈಟ್ರೈಟಿನಿಂದ ಹುಟ್ಟುವ ಚುರುಕಾದ ಮಕ್ಕಳೆಲ್ಲ ವಿದ್ಯುದಂಶವಿಲ್ಲದ ಸಣ್ಣ ಅಣುಗಳು: ಟ್ರೈಆಕ್ಸೈಡು, ಟೆಟ್ರಾಕ್ಸೈಡು, ನೈಟ್ರಿಕ್ ಆಕ್ಸೈಡು, ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ನೈಟ್ರೋಸಿಲ್ ಕ್ಲೋರೈಡು. ಅವಕ್ಕೆ ನೀರಿಗಿಂತ ಅಧ್ರುವೀಯ ದ್ರಾವಕ ಇಷ್ಟ.

ಅಲ್ಲಿಗೆ ಹೋದ ಕೂಡಲೇ ಎರಡೂ ಬೀಗ ತೆರೆದುಕೊಳ್ಳುತ್ತವೆ. ಟ್ರೈಆಕ್ಸೈಡನ್ನು ಒಡೆಯಲು ಅಲ್ಲಿ ನೀರಿಲ್ಲ. ನೈಟ್ರಿಕ್ ಆಕ್ಸೈಡು ಮತ್ತು ನೈಟ್ರೋಜನ್ ಡೈಆಕ್ಸೈಡಾಗಿ ಬೇರೆಯಾಗುತ್ತ, ಮತ್ತೆ ಕೂಡುತ್ತ ಅದು ಉಳಿದುಕೊಳ್ಳುತ್ತದೆ. ಅಲ್ಲಿ ಕರಗಿರುವ ಅಮೀನಿಗೆ ಪ್ರೋಟಾನಿನ ಕಟ್ಟೂ ಇಲ್ಲ. ಹೈಡ್ರೋಕಾರ್ಬನ್ನಿನಲ್ಲಿ ಅಯಾನು ಕರಗುವುದಿಲ್ಲವಾದ್ದರಿಂದ, ಅಲ್ಲಿರುವ ಅಮೀನೆಲ್ಲ ಮುಕ್ತ ಅಮೀನು. ಎರಡು ಕೋಟಿಯಲ್ಲಿ ಒಂದು ಎಂಬ ಪಾಲು ಅಲ್ಲಿ ಪೂರ್ತಿ ಪಾಲೇ ಆಗಿಬಿಡುತ್ತದೆ.

ಆಮ್ಲೀಯ ನೀರಿನ ಪಕ್ಕದಲ್ಲಿದ್ದರೆ ಡೈಮೀಥೈಲಮೀನ್ ನೀರಿಗೇ ಓಡುತ್ತದಲ್ಲ ಎಂದು ಕೇಳಬಹುದು. ಸಮತೋಲ ಸ್ಥಿತಿಯಲ್ಲಿ ಹೌದು. ಸಾವಿರಾರು ಲೀಟರಿನ ರಿಯಾಕ್ಟರಿನಲ್ಲಿ ಸಮತೋಲ ಎಂಬುದು ಕೊನೆಗೆ ಬರುವ ಸ್ಥಿತಿ. ಆಮ್ಲವನ್ನು ಮೇಲಿನಿಂದ ಸುರಿಯುತ್ತಾರೆ. ಕ್ಷಾರದಿಂದ ಆಮ್ಲದ ಕಡೆಗೆ ಪಿಎಚ್ ಇಳಿಯುವ ದಾರಿಯಲ್ಲಿ ಎಲ್ಲ ಮೌಲ್ಯಗಳನ್ನೂ ಹಾಯುತ್ತದೆ. ಆಮ್ಲ ಬೀಳುವ ಜಾಗದಲ್ಲಿ ನೈಟ್ರಸ್ ಆವಿ ಏಳುತ್ತಿರುವಾಗ ಪಾತ್ರೆಯ ಇನ್ನೊಂದು ಬದಿಯಲ್ಲಿ ಅಮೀನು ಇನ್ನೂ ಮುಕ್ತವಾಗಿಯೇ ಇರುತ್ತದೆ. ಆ ಆವಿಗಳಿಗೆ ದಾರಿ ಸಾವಯವ ಪದರದ ಮೂಲಕವೂ ಇದೆ, ಪಾತ್ರೆಯ ತಲೆಯ ಮೇಲಿನ ಗಾಳಿಯ ಮೂಲಕವೂ ಇದೆ.

ಅಂಥ ಭೇಟಿಯಲ್ಲಿ ವೇಗ ಎಷ್ಟು? ನೀರಿನಲ್ಲಿ ಟ್ರೈಆಕ್ಸೈಡು ಮತ್ತು ಮುಕ್ತ ಅಮೀನಿನ ನಡುವಿನ ಸ್ಥಿರಾಂಕ 10⁸ರ ಆಸುಪಾಸು, ಅಂದರೆ ತೀರಾ ಚುರುಕು. ಅಧ್ರುವೀಯ ದ್ರಾವಕದಲ್ಲಿ ಅದು ನೂರು ಪಟ್ಟು ಇಳಿಯುತ್ತದೆಂದು ಇಟ್ಟುಕೊಂಡರೂ, ಒಂದು ಮೈಕ್ರೋಮೋಲಾರ್ ಟ್ರೈಆಕ್ಸೈಡು ಒಂದೇ ಸಮನೆ ಒದಗುತ್ತಿದ್ದರೆ ಅಮೀನಿನ ಅರ್ಧಾಯು ಒಂದು ಸೆಕೆಂಡಿಗಿಂತ ಕಡಿಮೆ. ಗಂಟೆಗೆ ಶೇಕಡಾ ಆರು ಎಂದದ್ದು ಎಲ್ಲಿ, ಒಂದು ಸೆಕೆಂಡಿನಲ್ಲಿ ಅರ್ಧ ಎಂಬುದು ಎಲ್ಲಿ. ಈ ಹಂತದಲ್ಲಿ ವೇಗವನ್ನು ನಿರ್ಧರಿಸುವುದು ರಸಾಯನ ಕ್ರಿಯೆಯಲ್ಲ. ನೈಟ್ರೋಸೀಕರಿಸುವ ಅಣು ಎಷ್ಟು ಬೇಗ ಪದರ ದಾಟಿ ಬರುತ್ತದೆ ಎಂಬುದು, ಅಂದರೆ ಕಲಕುವ ಚಕ್ರದ ವೇಗ, ಹನಿಗಳ ಗಾತ್ರ, ಆಮ್ಲ ಸುರಿಯುವ ಗತಿ. ನೈಟ್ರೈಟಿನ ವರ್ಗಕ್ಕೆ ಅನುಪಾತ ಎಂಬ ಚಂದದ ಸೂತ್ರ ಇಲ್ಲಿ ಮುರಿದುಬೀಳುತ್ತದೆ. ಪ್ರಯೋಗಾಲಯದ ಅರ್ಧ ಲೀಟರ್ ಫ್ಲಾಸ್ಕಿನಲ್ಲಿ ಸಿಕ್ಕ ಅಂಕಿ ದೊಡ್ಡ ಪಾತ್ರೆಗೆ ಹೊಂದದಿರುವುದೂ ಇದೇ ಕಾರಣಕ್ಕೆ.

ಕ್ರಿಯೆಯ ಒಳದಾರಿಯೂ ಬದಲಾಗುತ್ತದೆ. ಅಮೀನಿನ ನೈಟ್ರೋಜನ್ ನೈಟ್ರೋಸೋ ಗುಂಪನ್ನು ಹಿಡಿದಾಗ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶ ಹುಟ್ಟುತ್ತದೆ. ನೀರು ಇವೆರಡನ್ನೂ ಸುತ್ತುವರಿದು ಸಮಾಧಾನ ಮಾಡುತ್ತದೆ. ಸೈಕ್ಲೋಹೆಕ್ಸೇನ್ ಮಾಡುವುದಿಲ್ಲ. ಸ್ಪೇನಿನ ಗಲೀಸಿಯಾದ ಗಾರ್ಸಿಯಾ-ರಿಯೊ, ಲೈಸ್ ಮತ್ತು ಇಗ್ಲೇಸಿಯಾಸ್ 1997ರಲ್ಲಿ ಸೈಕ್ಲೋಹೆಕ್ಸೇನಿನಂಥ ದ್ರಾವಕಗಳಲ್ಲಿ ಆಲ್ಕೈಲ್ ನೈಟ್ರೈಟುಗಳಿಂದ ಡೈಮೀಥೈಲಮೀನಿನಂಥ ದ್ವಿತೀಯಕ ಅಮೀನುಗಳಿಗೆ (ನೈಟ್ರೋಜನ್‌ಗೆ ಎರಡು ಕಾರ್ಬನ್ ಗುಂಪು ಅಂಟಿದವು) ನೈಟ್ರೋಸೋ ಗುಂಪು ಸೇರುವ ಕ್ರಿಯೆಯನ್ನು, ಅಂದರೆ ನೈಟ್ರೋಸೇಶನ್ ಅನ್ನು, ಅಳೆದರು. ಕ್ರಿಯೆ ಒಂದೇ ಜಿಗಿತದಲ್ಲಿ ಆಗುವುದಿಲ್ಲ, ನಡುವೆ ಒಂದು ಮಧ್ಯಂತರ ರೂಪ ಇದೆ ಎಂಬುದು ಅವರ ತೀರ್ಮಾನ. ಎರಡೂ ವಿದ್ಯುದಂಶ ಹೊತ್ತ ಆ ಮಧ್ಯಂತರ ಮುಂದಕ್ಕೆ ಹೋಗಬೇಕಾದರೆ ಪ್ರೋಟಾನನ್ನು ಕಳಚಬೇಕು. ಸುತ್ತ ನೀರಿಲ್ಲದ ಕಡೆ ಅದಕ್ಕೆ ಇನ್ನೊಂದು ಅಮೀನು ಅಣುವೇ ಕೈಹಿಡಿಯಬೇಕಾಗಬಹುದು. ಆಗ ಅಮೀನು ಎರಡು ವೇಷ ಹಾಕುತ್ತದೆ: ಒಂದು ಅಣು ಕ್ರಿಯೆಗೆ ಒಳಗಾಗುತ್ತದೆ, ಇನ್ನೊಂದು ಕ್ಷಾರವಾಗಿ ನೆರವಾಗುತ್ತದೆ. ವೇಗ ಅಮೀನಿನ ಮೊದಲ ಘಾತಕ್ಕೆ ಸರಿಹೊಂದದೆ ಹೋಗುವುದು ಇದರಿಂದ. ದ್ರಾವಕ ಬದಲಿಸಿದರೆ ನಿಧಾನದ ಮೆಟ್ಟಿಲೂ ಬದಲಾಗುತ್ತದೆ.

ಆಲ್ಕೈಲ್ ನೈಟ್ರೈಟುಗಳ ವಿಷಯ ಕಾರ್ಖಾನೆಯವರಿಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಪಾತ್ರೆಯಲ್ಲಿ ಯಾವುದಾದರೂ ಆಲ್ಕೊಹಾಲ್ ಇದ್ದರೆ ನೈಟ್ರಸ್ ಆಮ್ಲ ಅದರೊಡನೆ ಸೇರಿ ಆಲ್ಕೈಲ್ ನೈಟ್ರೈಟಾಗುತ್ತದೆ. ಅದು ಸಾವಯವ ಪದರಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ನೀರಿನ ಪದರವನ್ನು ಎಷ್ಟೇ ಶುದ್ಧವಾಗಿ ಬೇರ್ಪಡಿಸಿದರೂ ಅದು ಹೋಗುವುದಿಲ್ಲ. ಮುಂದಿನ ಹಂತದಲ್ಲಿ ಯಾರಾದರೂ ಟ್ರೈಈಥೈಲಮೀನ್ ಹಾಕಿದಾಗ, ಅದರಲ್ಲಿ ಕಲ್ಮಶವಾಗಿ ಇರುವ ಡೈಈಥೈಲಮೀನಿಗೆ ಅದು ಸಿಗುತ್ತದೆ. ಆಮ್ಲವಿಲ್ಲದೆ ನೈಟ್ರೋಸೇಶನ್ ಇಲ್ಲ ಎಂಬ ಮಾತು ನೀರಿನಲ್ಲಿ ನೈಟ್ರಸ್ ಆಮ್ಲದ ದಾರಿಗೆ ಮಾತ್ರ ಅನ್ವಯಿಸುವ ಮಾತು.

ಇದು ಹೊಸ ಸುದ್ದಿಯೇನಲ್ಲ. 1950ರ ದಶಕದಲ್ಲೇ ಅಮೆರಿಕದ ಎಮಿಲ್ ವೈಟ್ ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಟೆಟ್ರಾಕ್ಸೈಡು ಬಳಸಿ ನೈಟ್ರೋಸೋ ಸಂಯುಕ್ತಗಳನ್ನು ಬೇಕೆಂದೇ ತಯಾರಿಸುತ್ತಿದ್ದರು, ಅದೂ ಸೊನ್ನೆ ಡಿಗ್ರಿಯಲ್ಲಿ. 1970ರ ದಶಕದಲ್ಲಿ ಲಂಡನ್ನಿನ ಚಾಲಿಸ್ ಮತ್ತು ಕಿರ್ಟೊಪೌಲೋಸ್ ಈ ಅನಿಲಗಳನ್ನು ಕ್ಷಾರೀಯ ನೀರಿಗೇ ಹಾಯಿಸಿ, ನೀರಿನ ಸೂತ್ರದ ಪ್ರಕಾರ ಏನೂ ಆಗಬಾರದ ಕಡೆ ನೈಟ್ರೋಸಮೀನು ಕೂಡಲೇ ಹುಟ್ಟುವುದನ್ನು ತೋರಿಸಿದ್ದರು. ನೈಟ್ರಸ್ ಆಮ್ಲದ ದಾರಿ ಮುಚ್ಚಿದ್ದರೂ ಅನಿಲದ ದಾರಿ ತೆರೆದೇ ಇರುತ್ತದೆ.

ಕೊಬ್ಬಿನ ಪದರದ ಪಾಠ

ಪದರದ ಮಹತ್ವ ನನಗೆ ಅತ್ಯಂತ ಸ್ಪಷ್ಟವಾಗಿ ಮನವರಿಕೆಯಾದದ್ದು ಔಷಧ ಕಾರ್ಖಾನೆಗೆ ಸಂಬಂಧವೇ ಇಲ್ಲದ ಎರಡು ಅಧ್ಯಯನಗಳಿಂದ.

1998ರಲ್ಲಿ ಜ್ಯಾಕ್ ಲ್ಯಾಂಕಾಸ್ಟರ್ ಮತ್ತು ಸಂಗಡಿಗರು ನೈಟ್ರಿಕ್ ಆಕ್ಸೈಡು ಮತ್ತು ಆಮ್ಲಜನಕದ ಕ್ರಿಯೆ ಜೀವಕೋಶದ ಪೊರೆಯ ಕೊಬ್ಬಿನ ಭಾಗದಲ್ಲಿ ಸುತ್ತಲಿನ ನೀರಿಗಿಂತ ಸುಮಾರು 300 ಪಟ್ಟು ಚುರುಕು ಎಂದು ವರದಿ ಮಾಡಿದರು. ಕಾರಣ ಸರಳ. ಆ ಕ್ರಿಯೆಯ ವೇಗ ನೈಟ್ರಿಕ್ ಆಕ್ಸೈಡಿನ ವರ್ಗಕ್ಕೂ ಆಮ್ಲಜನಕದ ಮೊದಲ ಘಾತಕ್ಕೂ ಅನುಪಾತ, ಒಟ್ಟು ಮೂರು ಘಾತ. ಎರಡೂ ಅನಿಲ ಕೊಬ್ಬಿನಲ್ಲಿ ಹೆಚ್ಚು ಕರಗುತ್ತವೆ. ತಲಾ ಏಳು ಪಟ್ಟು ಸಾಂದ್ರವಾದರೆ ಏಳರ ಘನ 343. ಕ್ರಿಯೆಯ ಸ್ಥಿರಾಂಕ ಒಂದಿಷ್ಟೂ ಬದಲಾಗದೆ, ಬರೀ ಗುಂಪುಗೂಡುವುದರಿಂದ ಬಂದ ವೇಗ ಇದು. ಈ ಕ್ರಿಯೆಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡು ಉಳಿದ ನೈಟ್ರಿಕ್ ಆಕ್ಸೈಡಿನೊಡನೆ ಕೂಡಿದರೆ ಮತ್ತೆ ನಮ್ಮ ಟ್ರೈಆಕ್ಸೈಡೇ.

ಇನ್ನೊಂದು 2007ರದ್ದು, ಗ್ಲಾಸ್ಗೋದ ಎಮಿಲೀ ಕೊಂಬೆ ಮತ್ತು ಸಂಗಡಿಗರದ್ದು. ಅವರು ಜಠರದ ಆಮ್ಲದಂಥ ದ್ರವದಲ್ಲಿ ನೈಟ್ರೈಟು ಮತ್ತು ಅಮೀನುಗಳನ್ನು ಬೆರೆಸಿ ವಿಟಮಿನ್ ಸಿ ಹಾಕಿದರು. ವಿಟಮಿನ್ ಸಿ ನೈಟ್ರೋಸಮೀನನ್ನು ತಡೆಯುತ್ತದೆ ಎಂಬುದು 1970ರ ದಶಕದಿಂದ ಒಪ್ಪಿತ ಸಂಗತಿ. ಕೊಬ್ಬಿಲ್ಲದಾಗ ಹಾಗೆಯೇ ಆಯಿತು, ಎನ್‌ಡಿಎಂಎ ಐದನೇ ಒಂದಕ್ಕೆ ಇಳಿಯಿತು. ಶೇಕಡಾ 10ರಷ್ಟು ಕೊಬ್ಬು ಸೇರಿಸಿದಾಗ ಅದೇ ವಿಟಮಿನ್ ಸಿ ಎನ್‌ಡಿಎಂಎಯನ್ನು ಸುಮಾರು 8 ಪಟ್ಟು, ಅದರ ಡೈಈಥೈಲ್ ಬಂಧುವನ್ನು 60 ಪಟ್ಟು, ನೈಟ್ರೋಸೋಪಿಪೆರಿಡೀನನ್ನು 140 ಪಟ್ಟು ಹೆಚ್ಚಿಸಿತು. ವಿಟಮಿನ್ ಸಿ ನೈಟ್ರಸ್ ಆಮ್ಲವನ್ನು ನೈಟ್ರಿಕ್ ಆಕ್ಸೈಡಾಗಿ ಇಳಿಸುತ್ತದೆ. ನೀರಿನಲ್ಲೇ ಇದ್ದರೆ ಅದು ನಿರಪಾಯ. ಕೊಬ್ಬಿಗೆ ದಾಟಿ, ಅಲ್ಲಿ ಆಮ್ಲಜನಕ ಸಿಕ್ಕರೆ, ಮತ್ತೆ ನೈಟ್ರೋಸೀಕರಿಸುವ ಶಕ್ತಿ ಬರುತ್ತದೆ. ಅದನ್ನು ಹಿಡಿಯಬೇಕಾದ ವಿಟಮಿನ್ ಸಿ ಮಾತ್ರ ನೀರನ್ನು ಬಿಟ್ಟು ಕದಲುವುದಿಲ್ಲ.

ರಿಯಾಕ್ಟರಿನ ಟಾಲ್ವೀನ್ ಪದರಕ್ಕೂ ಹೊಟ್ಟೆಯ ಕೊಬ್ಬಿನ ಹನಿಗೂ ಈ ಮಟ್ಟಿಗೆ ವ್ಯತ್ಯಾಸವಿಲ್ಲ. ಹಾಗಾಗಿ ಹೆಚ್ಚುವರಿ ನೈಟ್ರೈಟನ್ನು ಮುಗಿಸಲು ಸಲ್ಫಾಮಿಕ್ ಆಮ್ಲ ಹಾಕಿದ್ದೇವೆ, ಇನ್ನು ಚಿಂತೆಯಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಸಲ್ಫಾಮಿಕ್ ಆಮ್ಲ ನೀರಿನಲ್ಲಿರುವ ನೈಟ್ರಸ್ ಆಮ್ಲವನ್ನು ನೈಟ್ರೋಜನ್ ಅನಿಲವಾಗಿಸಿ ಚೆನ್ನಾಗಿಯೇ ಮುಗಿಸುತ್ತದೆ. ಸಾವಯವ ಪದರಕ್ಕೆ ಹೋಗಿ ಕುಳಿತ ಆಲ್ಕೈಲ್ ನೈಟ್ರೈಟು ತಾನಾಗಿ ನೀರಿಗೆ ಮರಳಿ ಬರುವವರೆಗೆ ಅದಕ್ಕೆ ಎಟುಕುವುದಿಲ್ಲ. ಪಿಷ್ಟ-ಅಯೊಡೈಡ್ ಕಾಗದವನ್ನು ನೀರಿನ ಪದರಕ್ಕೆ ಅದ್ದಿ, ನೀಲಿ ಬರಲಿಲ್ಲವೆಂದು ನೈಟ್ರೈಟು ಮುಗಿಯಿತು ಎನ್ನುವುದೂ ಅರ್ಧ ಪಾತ್ರೆಯ ಪರೀಕ್ಷೆ.

ಕಾಣದೆ ಉಳಿದದ್ದು ಹೇಗೆ

2011ರ ಬದಲಾವಣೆ, 2018ರ ಪತ್ತೆ. ನಡುವಿನ ವರ್ಷಗಳಲ್ಲಿ ಪ್ರತಿ ಬ್ಯಾಚೂ ಪರೀಕ್ಷೆಗೆ ಒಳಗಾಗಿಯೇ ಹೊರಗೆ ಹೋಗಿದೆ. ಗುಣಮಟ್ಟದ ಪರೀಕ್ಷೆ ಹುಡುಕುವುದು ನಿರೀಕ್ಷಿತ ಕಲ್ಮಶಗಳನ್ನು. ವಾಲ್ಸಾರ್ಟಾನ್‌ನಂಥ ದೊಡ್ಡ ಅಣುವಿನ ಬಂಧುಗಳಿಗಾಗಿ ಹೊಂದಿಸಿದ ದ್ರವ ಕ್ರೊಮ್ಯಾಟೊಗ್ರಫಿಯಲ್ಲಿ 74 ಅಣುತೂಕದ ಎನ್‌ಡಿಎಂಎ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದು ಕಾಣಬಹುದಾದ ಜಾಗ ದ್ರಾವಕಗಳ ಗ್ಯಾಸ್ ಕ್ರೊಮ್ಯಾಟೊಗ್ರಾಮ್. ಎಫ್‌ಡಿಎ ಆಮೇಲೆ ಕಂಪನಿಗೆ ಬರೆದ ಎಚ್ಚರಿಕೆ ಪತ್ರದ ಪ್ರಕಾರ, ಆ ಪರೀಕ್ಷೆಯಲ್ಲಿ ಗುರುತು ಸಿಗದ ಪೀಕುಗಳ ಬಗ್ಗೆ 2016ರಲ್ಲೇ ದೂರು ಬಂದಿತ್ತು. ಒಂದು ಪೀಕನ್ನು ಬೇಸ್‌ಲೈನಿನ ಗಲಾಟೆ ಎಂದು ಬದಿಗಿಡುವ ಆಸೆ ಯಾವ ಪ್ರಯೋಗಾಲಯಕ್ಕೂ ಬರಬಹುದು. ಆ ಆಸೆಗೆ ತೆತ್ತ ಬೆಲೆ ಇಲ್ಲಿ ಎರಡು ವರ್ಷ.

ಕುದಿಬಿಂದುವಿನ ಕಾಕತಾಳೀಯವೂ ಇದೆ. ಡಿಎಂಎಫ್ ಕುದಿಯುವುದು 153 ಡಿಗ್ರಿಯಲ್ಲಿ, ಎನ್‌ಡಿಎಂಎ ಒಂದೆರಡು ಡಿಗ್ರಿ ಆಚೀಚೆ. ಬಳಸಿದ ಡಿಎಂಎಫ್ ಅನ್ನು ಬಟ್ಟಿ ಇಳಿಸಿ ಮತ್ತೆ ಬಳಸುವಾಗ, ಬೇರ್ಪಡಿಸುತ್ತಿದ್ದೇವೆ ಎಂಬ ನಂಬಿಕೆಯಲ್ಲೇ ಎರಡನ್ನೂ ಒಟ್ಟಿಗೆ ಮುಂದಿನ ಬ್ಯಾಚಿಗೆ ಹಾಕುತ್ತೇವೆ. 2020ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಹೊರಡಿಸಿದ ಮಾರ್ಗದರ್ಶಿಯಲ್ಲಿ ಮರುಬಳಕೆಯ ಡಿಎಂಎಫ್, ಆರ್ಥೋ-ಝೈಲೀನ್, ಟ್ರೈಬ್ಯೂಟೈಲ್‌ಟಿನ್ ಕ್ಲೋರೈಡುಗಳ ಹೆಸರು ಹೇಳಿಯೇ ಎಚ್ಚರಿಸಲಾಗಿದೆ. ತನ್ನ ಘಟಕದಲ್ಲಿ ಒಂದು ಹನಿ ನೈಟ್ರೈಟನ್ನೂ ಬಳಸದ ಕಂಪನಿಗೆ ಬೇರೆಯವರ ಪಾತ್ರೆಯ ನೈಟ್ರೋಸಮೀನು ಝೈಲೀನ್ ಡ್ರಮ್ಮಿನಲ್ಲಿ ಬಂದು ಸೇರಬಹುದು.

ಊಹಿಸಬಹುದಿತ್ತೇ?

ಎಫ್‌ಡಿಎ 2018ರ ನವೆಂಬರ್ 29ರಂದು ಹುವಾಹಾಯ್‌ಗೆ ಎಚ್ಚರಿಕೆ ಪತ್ರ ಬರೆಯಿತು. ಡಿಎಂಎಫ್ ಒಡೆದು ಡೈಮೀಥೈಲಮೀನ್ ಬರಬಹುದು, ಅದರಿಂದ ಜೀನಿಗೆ ಹಾನಿ ಮಾಡುವ ಕಲ್ಮಶ ಹುಟ್ಟಬಹುದು ಎಂಬುದನ್ನು ಕಂಪನಿ ಪರಿಗಣಿಸಲಿಲ್ಲ ಎಂಬುದು ಮುಖ್ಯ ಆಕ್ಷೇಪ. ಎನ್‌ಡಿಎಂಎ ಹುಟ್ಟುವುದನ್ನು ಮುಂಗಾಣಲು ಉದ್ಯಮದ ಆಗಿನ ರೂಢಿಗಿಂತ ಹೆಚ್ಚಿನ ಆಯಾಮ ಬೇಕಾಗಿತ್ತು ಎಂದು ಕಂಪನಿ ಉತ್ತರಿಸಿತ್ತು. ಎಫ್‌ಡಿಎ ಅದನ್ನು ಒಪ್ಪಲಿಲ್ಲ.

ನಾನೂ ಒಪ್ಪುವುದಿಲ್ಲ. ನೈಟ್ರೈಟು, ಆಮ್ಲ, ದ್ವಿತೀಯಕ ಅಮೀನು ಎಂಬ ಮೂರು ಹೆಸರುಗಳನ್ನು ಒಂದೇ ಹಾಳೆಯ ಮೇಲೆ ಬರೆದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಯುರೋಪಿನ 2006ರ ಮಾರ್ಗದರ್ಶಿಯೇ ನೈಟ್ರೋಸೋ ಸಂಯುಕ್ತಗಳನ್ನು ಸಾಮಾನ್ಯ ಮಿತಿಯಿಂದ ಹೊರಗಿಟ್ಟು, ಇವಕ್ಕೆ ಬೇರೆಯೇ ಎಚ್ಚರ ಬೇಕು ಎಂದಿತ್ತು. ಕೊರತೆ ಇದ್ದದ್ದು ಡಿಎಂಎಫ್ ಅನ್ನು ಬರೀ ದ್ರಾವಕ ಎಂದು ಬರೆದು, ಕ್ರಿಯೆಯಲ್ಲಿ ಭಾಗವಹಿಸುವವರ ಪಟ್ಟಿಯಿಂದ ಬಿಟ್ಟ ಕಡೆ. ಆದರೆ ತಪ್ಪು ಒಂದೇ ಕಂಪನಿಯದ್ದು ಎನ್ನುವುದೂ ಸರಿಯಲ್ಲ. ಆ ವಿಧಾನದ ಕಡತ ಹಲವು ದೇಶಗಳ ನಿಯಂತ್ರಕರ ಮೇಜುಗಳನ್ನು ದಾಟಿ ಬಂದಿತ್ತು. ಮುಂದಿನ ತಿಂಗಳುಗಳಲ್ಲಿ ಹೈದರಾಬಾದಿನ ಹೆಟೆರೊ ಸೇರಿದಂತೆ ಭಾರತದ ಕಂಪನಿಗಳ ಸಾರ್ಟಾನುಗಳಲ್ಲೂ ಒಂದಲ್ಲ ಒಂದು ನೈಟ್ರೋಸಮೀನು ಸಿಕ್ಕಿತು.

ಸರಿಪಡಿಸುವ ದಾರಿಗಳಲ್ಲಿ ಮೊದಲನೆಯದು ಜಾಗದ ಬದಲಾವಣೆ. ಉತ್ಪನ್ನವನ್ನು ಸಾವಯವ ಪದರಕ್ಕೆ ತೆಗೆದುಕೊಂಡು, ಅಜೈಡು ಇರುವ ಕ್ಷಾರೀಯ ನೀರನ್ನು ಬೇರೆ ಪಾತ್ರೆಗೆ ಇಳಿಸಿ, ನೈಟ್ರೈಟನ್ನು ಅಲ್ಲಿ ಹಾಕುವುದು. ಆಗ ಅಜೈಡೂ ನಾಶವಾಗುತ್ತದೆ, ಹುಟ್ಟಿದ ನೈಟ್ರೋಸಮೀನು ತ್ಯಾಜ್ಯದ ಜೊತೆ ಉಳಿಯುತ್ತದೆ. ಆ ತ್ಯಾಜ್ಯವನ್ನು ಬೇರೆಯಾಗಿ ಸಂಸ್ಕರಿಸಲೇಬೇಕು, ಏಕೆಂದರೆ ಎನ್‌ಡಿಎಂಎ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಎರಡನೆಯದು ಒಡೆದರೆ ದ್ವಿತೀಯಕ ಅಮೀನು ಬಿಡದ ದ್ರಾವಕ.

ಜಿಗಣಿಯಲ್ಲೋ ನಂಜನಗೂಡಿನಲ್ಲೋ ಬೀದರಿನ ಕೊಳಾರದಲ್ಲೋ ಔಷಧ ಘಟಕಗಳಲ್ಲಿ ಕೆಲಸ ಮಾಡುವ ಕನ್ನಡದ ರಸಾಯನಜ್ಞರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಬ್ಯಾಚ್ ದಾಖಲೆಯಲ್ಲಿ ಸೋಡಿಯಂ ನೈಟ್ರೈಟು ಎಲ್ಲಿ ಬರುತ್ತದೋ ಅಲ್ಲಿ ಎರಡು ಪದರಗಳಿಂದಲೂ ಬೇರೆಬೇರೆ ಮಾದರಿ ತೆಗೆಯಿರಿ: ಆಮ್ಲ ಅರ್ಧ ಬಿದ್ದಾಗ ಒಮ್ಮೆ, ಕ್ವೆಂಚ್ ಮುಗಿದ ಕೂಡಲೇ ಒಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ. ಮಾದರಿಯ ಬಾಟಲಿಯಲ್ಲೇ ಕ್ರಿಯೆ ಮುಂದುವರಿಯದಂತೆ ನೀರಿನ ಮಾದರಿಗೆ ಕೂಡಲೇ ಸಲ್ಫಾಮಿಕ್ ಆಮ್ಲ ಹಾಕಿ, ಸಾವಯವ ಮಾದರಿಯನ್ನು ಅದೇ ಆಮ್ಲದ ನೀರಿನೊಡನೆ ಚೆನ್ನಾಗಿ ಕುಲುಕಿ ತಣ್ಣಗಿಡಿ. ಪಿಪಿಎಂ ಮಟ್ಟದ ಸಂವೇದನೆ ಇದಕ್ಕೆ ಸಾಲದು. ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಅಳೆಯಬಲ್ಲ ಮಾಸ್ ಸ್ಪೆಕ್ಟ್ರೋಮೀಟರು ಬೇಕು. ಮೂರನೆಯ ಸಾವಯವ ಮಾದರಿಯಲ್ಲಿ ಅಂಕಿ ಇನ್ನೂ ಏರುತ್ತಿದ್ದರೆ, ನೀರಿನ ಪದರದ ಕಾಗದ ಪರೀಕ್ಷೆ ಏನೇ ಹೇಳಿದರೂ ನಿಮ್ಮ ಕ್ವೆಂಚ್ ಮುಗಿದಿಲ್ಲ.